ಇಳಿದು ಬಂದವರು

ಮೇಲಿನ ಸಾಲು ಸಲೀಸಾಗಿ ಕೂತಿತು, ಕೆಳಗಿನದು ಹಟ ಹಿಡಿಯಿತು. ಅವಳು ಎಡಗೈ ಹೆಬ್ಬೆರಳಿನಿಂದ ಅಪ್ಪನ ಗದ್ದವನ್ನು ಒತ್ತಿ ಹಿಡಿದು, ಕಟ್ಟುಹಲ್ಲನ್ನು ಓರೆಯಾಗಿ ಒಳಗೆ ಜಾರಿಸಿ ವಸಡಿನ ಮೇಲೆ ಇನ್ನೊಮ್ಮೆ ಅದುಮಿದಳು. ಬದುಕಿರುವ ಬಾಯಾದರೆ ನಾಲಿಗೆ ತಾನೇ ಪಕ್ಕಕ್ಕೆ ಸರಿದು ಜಾಗ ಕೊಡುತ್ತದೆ. ಇದು ಕೊಡಲಿಲ್ಲ.

"ಬಿಡೇ, ಸಾಕು," ಎಂದಳು ಬಾಗಿಲಲ್ಲಿ ನಿಂತಿದ್ದ ಸೋದರತ್ತೆ. "ಹಲ್ಲಿಲ್ಲ ಅಂದ್ರೆ ಅಲ್ಲೇನು ಒಳಗೆ ಬಿಡಲ್ವಾ?"

"ಕೆನ್ನೆ ಒಳಗೆ ಹೋಗಿಬಿಟ್ಟಿದೆ ಅತ್ತೆ. ಜನ ಬರ್ತಾರೆ ನೋಡೋಕೆ."

"ಯಾವ ಜನ? ಡಿಪೋದವರು ನಾಲ್ಕು ಜನ ಬರ್ತಾರೆ, ನೋಡ್ತಾರೆ, ಹೋಗ್ತಾರೆ."

ಅವಳ ಕೆಲಸವೇ ಅದು. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚು ನೋಡಿ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತವಳು. ಈ ಸೆಟ್ಟನ್ನೂ ಎಂಟು ವರ್ಷದ ಹಿಂದೆ ಅವಳೇ ಮಾಡಿದ್ದು. ಮೂರನೆಯ ಸಲಕ್ಕೆ ಕೆಳಗಿನದೂ ಕೂತಿತು. ಕೆನ್ನೆ ತುಂಬಿಕೊಂಡು, ಎಪ್ಪತ್ತೆರಡು ವರ್ಷದ ಆ ಮುಖ ಮತ್ತೆ ಗುರುತು ಹತ್ತುವ ಹಾಗಾಯಿತು. ಅವಳು ಕೈ ತೊಳೆದುಕೊಂಡಳು. ನಿನ್ನೆ ಬೆಳಗ್ಗೆ ಅಪ್ಪ ಹೋದಾಗಿನಿಂದ ಅಳು ಬಂದಿರಲಿಲ್ಲ. ಎಲ್ಲೋ ಸಿಕ್ಕಿಹಾಕಿಕೊಂಡಿದೆ, ಬಂದಾಗ ಬರಲಿ ಎಂದು ಸುಮ್ಮನಿದ್ದಳು.

"ಕೋಟು ಯಾವುದು ಹಾಕ್ತೀಯ?"

"ಬೂದು ಬಣ್ಣದ್ದು."

"ಅದು ಡಿಪೋದ್ದಲ್ವೇನೇ? ಮಿಲಿಟರೀಲಿ ಕ್ಯಾಪ್ಟನ್ ಆಗಿದ್ದವನು ಬಸ್ಸಿನವರ ಕೋಟು ಹಾಕ್ಕೊಂಡು ಹೋಗ್ಬೇಕಾ?"

"ಮಿಲಿಟರಿ ಕೋಟು ಅವರೇ ವಾಪಸ್ ಇಸ್ಕೊಂಡ್ರಲ್ಲ ಅತ್ತೆ."

"ಮೆಲ್ಲಗೆ ಮಾತಾಡು," ಎಂದು ಅತ್ತೆ ಬಾಗಿಲು ಮುಂದೆ ಮಾಡಿದಳು.

ಹತ್ತು ಗಂಟೆಗೆ ಡಿಪೋದ ಬಸ್ಸೊಂದು ಬಂದು ಬೀದಿಯ ತುದಿಯಲ್ಲಿ ನಿಂತಿತು. ಡ್ರೈವರುಗಳು, ಕಂಡಕ್ಟರುಗಳು ಒಬ್ಬೊಬ್ಬರಾಗಿ ಒಳಗೆ ಬಂದು ಶವಪೆಟ್ಟಿಗೆಯ ಹತ್ತಿರ ಒಂದು ನಿಮಿಷ ನಿಂತು ಗೋಡೆಗೆ ಒರಗಿದರು. ಹಿರಿಯ ಮೆಕ್ಯಾನಿಕ್ ಅವಳ ಬಳಿ ಬಂದ. ಎಷ್ಟು ಉಜ್ಜಿದರೂ ಅವನ ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ.

"ಬಸ್ಸು ನಾನೇ ಚೆಕ್ ಮಾಡಿ ತಂದಿದೀನಮ್ಮ. ಬ್ರೇಕು, ಟೈರು, ಎಲ್ಲಾ. ಇಲ್ಲಾಂದ್ರೆ ನಿಮ್ಮಪ್ಪ ಎದ್ದು ಬಂದು ನಿಲ್ಲಿಸಿಬಿಡ್ತಾರೆ."

ಯಾರೋ ನಕ್ಕು, ಕೆಮ್ಮಿನಲ್ಲಿ ಮುಚ್ಚಿಕೊಂಡರು. ಡಿಪೋದಲ್ಲಿ ಅಪ್ಪನಿಗೆ 'ನಿಲ್ಸು ಸಾಹೇಬ್ರು' ಎಂದೇ ಹೆಸರು. ಡ್ರೈವರುಗಳಿಗೆ ಡ್ಯೂಟಿ ಹಾಕುವ ಮೇಜಿನ ಮುಂದೆ ಇಪ್ಪತ್ತಮೂರು ವರ್ಷ ಕೂತಿದ್ದ ಅಪ್ಪ, ನಿದ್ದೆಗೆಟ್ಟ ಕಣ್ಣು ಕಂಡರೆ ಆ ಡ್ರೈವರನನ್ನು ನಿಲ್ಲಿಸುತ್ತಿದ್ದ, ಸವೆದ ಟೈರು ಕಂಡರೆ ಬಸ್ಸನ್ನೇ ನಿಲ್ಲಿಸುತ್ತಿದ್ದ.

ಕಿಟಕಿಯ ಬಳಿ ಅತ್ತೆ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದಳು. "ನಮ್ಮಣ್ಣ ಜನರಲ್ ಆಗ್ಬೇಕಾದೋನು. ಮಂಡಿ ಕೈಕೊಡ್ತು. ಮಂಡಿನೋವಿಗೇ ಸೈನ್ಯ ಬಿಟ್ಟಿದ್ದು."

"ಮಂಡೀನಾ?" ಎಂದಿತು ಒಂದು ಧ್ವನಿ.

ಬಾಗಿಲಲ್ಲಿ ನಾಲ್ಕು ಜನ ಮುದುಕರು ನಿಂತಿದ್ದರು. ಮಾತಾಡಿದವನು ಎಲ್ಲರಿಗಿಂತ ಮುಂದಿದ್ದ. ಗುಂಡಗಿನ ಆಳು, ಎರಡೂ ಮುಂಗೈಗಳ ಮೇಲೆ ಹಳೆಯ ಸುಟ್ಟ ಕಲೆ.

"ಸಾಹೇಬ್ರ ಮಂಡಿ ಕಬ್ಬಿಣ ಇದ್ದಂಗಿತ್ತು," ಎಂದ. ಅತ್ತೆಯ ಮುಖ ನೋಡಿ ಮಾತು ನುಂಗಿಕೊಂಡು ಅವಳತ್ತ ತಿರುಗಿದ. "ನೀವು ಮಗಳಲ್ವಾ? ನಾನು ನಿಮ್ಮಪ್ಪನ ಕೈಕೆಳಗೆ, ಮೇಲೆ ಗಡಿ ಠಾಣ್ಯದಲ್ಲಿ ಅಡುಗೆ ಮಾಡ್ತಿದ್ದೆ. ಪೇಪರ್‌ನಲ್ಲಿ ನೋಡಿ ಬಂದ್ವಿ."

ನಾಲ್ವರೂ ಒಂದೇ ಬೆಂಚಿನ ಮೇಲೆ ಕೂತು ಮೊಣಕಾಲ ಮೇಲೆ ಕೈ ಇಟ್ಟುಕೊಂಡರು. ಅವಳು ನೀರು ತಂದುಕೊಟ್ಟಳು.

"ಅಪ್ಪ ಹೇಗಿರ್ತಿದ್ರು, ಅಲ್ಲಿ?" ಎಂದು ಕೇಳಿದಳು. ಕೇಳಬೇಕೆಂದೇನೂ ಇರಲಿಲ್ಲ, ಬಾಯಿಗೆ ಬಂತು.

"ಊಟಕ್ಕೆ ಕೊನೆಗೆ ಬರೋರು," ಎಂದ ಅಡುಗೆಯವ. "ಎಲ್ಲರಿಗೂ ಆಯ್ತಾ ಅಂತ ಕೇಳಿ, ಪಾತ್ರೆ ಬಗ್ಗಿಸಿ ನೋಡಿ, ಆಮೇಲೆ ತಟ್ಟೆ ಹಿಡಿಯೋರು. ಎಷ್ಟೋ ದಿನ ತಳ ಕೆರೆದು ಹಾಕಿದೀನಿ. ಸಂಜೆಯಾದ್ರೆ ಎಲ್ಲರ ಬೂಟು ಬಿಚ್ಚಿಸಿ ಪಾದ ನೋಡೋರು, ಬೆರಳು ಬೆರಳು ಬಿಡಿಸಿ. ಹಿಮ ಬೆರಳು ತಿನ್ನುತ್ತಮ್ಮ, ನಮಗೇ ಗೊತ್ತಾಗಲ್ಲ. ನನ್ನವು ಹತ್ತೂ ಇವೆ." ನೀರು ಕುಡಿದ. "ಆಮೇಲೆ ಅವರನ್ನ ಬೈದಷ್ಟು ಯಾರನ್ನೂ ಬೈದಿಲ್ಲ, ಅದನ್ನೂ ಹೇಳಿಬಿಡ್ತೀನಿ. 'ಇಳಿದು ಬಂದವರು' ಅಂತ ನಮಗೆ ಹೆಸರು ಬಿತ್ತು. ಎಲ್ಲಿಗೆ ಹಾಕಿದ್ರೂ ಅದೇ. ಅನ್ನ ಬಡಿಸೋಕೆ ಹೋದ್ರೆ, ಓಡಿ ಬಂದೋನ ಕೈಯಡುಗೆ ಅಂತ ನಗೋರು."

"ಮತ್ತೆ ಇವತ್ತು ಬಂದಿರಲ್ಲ."

ಅಡುಗೆಯವ ಖಾಲಿ ಲೋಟವನ್ನು ಬೆಂಚಿನ ಕೆಳಗಿಟ್ಟ.

"ನನಗೆ ಮೂರು ಮೊಮ್ಮಕ್ಕಳು," ಎಂದ.

*

ಅವಳಿಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಟ್ರಂಕು ಹಿಡಿದು ಮನೆಗೆ ಬಂದಿದ್ದ. ರಜೆ ಎಷ್ಟು ದಿನ ಎಂದು ಅವಳು ಕೇಳಿದಳು. ಅಮ್ಮ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

ನಡೆದದ್ದು ಆಮೇಲೆ ಚೂರುಚೂರಾಗಿ ತಿಳಿಯಿತು. ಗಡಿಯ ಎತ್ತರದಲ್ಲಿ, ಹಿಮದ ನಡುವೆ ಒಂದು ಕಾವಲು ಠಾಣ್ಯ. ನಲವತ್ತೊಂದು ಜನ ಸೈನಿಕರು, ಅವರ ಮೇಲೆ ಅಪ್ಪ, ಅಪ್ಪನ ಕೈಕೆಳಗೆ ಎಳೆಯ ಲೆಫ್ಟಿನೆಂಟ್ ಒಬ್ಬ. ತಲೆಯ ಮೇಲಿನ ಇಳಿಜಾರು ಕುಸಿಯುತ್ತದೆ ಎಂದು ಅಪ್ಪ ಇಳಿಯಲು ಅನುಮತಿ ಕೇಳಿದ. ಇದ್ದಲ್ಲೇ ಇರಿ ಎಂದು ರೇಡಿಯೋದಲ್ಲಿ ಉತ್ತರ ಬಂತು. ಮಾರನೆಯ ಬೆಳಗ್ಗೆ ಅಪ್ಪ ಎಲ್ಲರನ್ನೂ ಕರೆದುಕೊಂಡು ಇಳಿದುಬಿಟ್ಟ. ಒಬ್ಬರಿಗೂ ಒಂದು ಗೀರೂ ಆಗಲಿಲ್ಲ.

ಇಳಿಜಾರು ಕುಸಿಯಲಿಲ್ಲ. ಆ ವಾರವೂ ಇಲ್ಲ, ಆ ಚಳಿಗಾಲ ಮುಗಿದರೂ ಇಲ್ಲ. ಅವರ ಜಾಗಕ್ಕೆ ಕಳಿಸಿದ ಬೇರೆ ತುಕಡಿ ಹಿಮ ಕರಗುವವರೆಗೂ ಅಲ್ಲೇ ಇದ್ದು, ಮೈಕೈ ತುಂಬಿಕೊಂಡು ಕೆಳಗೆ ಬಂತು. ಕುಸಿದಿದ್ದರೆ ಅಪ್ಪನ ಎದೆಯ ಮೇಲೆ ಪದಕವಿರುತ್ತಿತ್ತು. ಕುಸಿಯಲಿಲ್ಲವಾದ್ದರಿಂದ ಆಜ್ಞೆ ಮೀರಿದ ಹೆದರುಪುಕ್ಕಲನಾದ. ವಿಚಾರಣೆ ಮೂರೇ ದಿನದಲ್ಲಿ ಮುಗಿಯಿತಂತೆ.

ಅವಳಿಗೆ ಹತ್ತೊಂಬತ್ತು ವರ್ಷವಾದಾಗ ಒಂದು ಬೆಳಗ್ಗೆ ಅಪ್ಪ ಅವಳಿದ್ದ ಬಸ್ಸನ್ನೇ ನಿಲ್ಲಿಸಿದ. ಮಂಜು ಕವಿದಿತ್ತು, ಅವಳಿಗೆ ಪರೀಕ್ಷೆಯಿತ್ತು. ಡಿಪೋದ ಗೇಟಿನಲ್ಲಿ ಬಸ್ಸಿಗೆ ಅಡ್ಡ ನಿಂತು, ಮುಂದಿನ ತಿರುವಿನವರೆಗೆ ತಾನೇ ನಡೆದುಹೋಗಿ ನೋಡಿ ಬಂದು, "ಅರ್ಧ ಗಂಟೆ," ಎಂದ. ಸೀಟಿನಲ್ಲಿದ್ದ ಒಬ್ಬ ಎಲ್ಲರಿಗೂ ಕೇಳುವಂತೆ ಅಂದ, "ಹಿಮಕ್ಕೆ ಹೆದರಿದವನು ಮಂಜಿಗೆ ಬಿಡ್ತಾನಾ?" ಬಸ್ಸೆಲ್ಲ ನಕ್ಕಿತು. ಅವಳು ಕಿಟಕಿಯ ಕಡೆ ಮುಖ ಮಾಡಿ, ಈತ ನನಗೆ ಯಾರೂ ಅಲ್ಲ ಎಂಬಂತೆ ಕೂತಿದ್ದಳು.

ಸಂಜೆ ಮನೆಯಲ್ಲಿ ಅಪ್ಪ ಈರುಳ್ಳಿ ಹೆಚ್ಚುತ್ತಿದ್ದ.

"ನಿಜವಾಗ್ಲೂ ಹೆದರಿದ್ಯಾ ಅಪ್ಪ, ಅವತ್ತು?"

"ಹೆದರಿದ್ದೆ." ಚಾಕು ನಿಲ್ಲಲಿಲ್ಲ. "ನಲವತ್ತೊಂದು ಜನ ತಲೆ ತಗ್ಗಿಸಿ ಕೆಲಸ ಮಾಡ್ತಿರ್ತಾರೆ. ಅವರ ಪರವಾಗಿ ಹೆದರೋಕೆ ಒಬ್ಬ ಬೇಕು. ಕ್ಯಾಪ್ಟನ್ ಅಂದ್ರೆ ಅವನೇ. ಮಿಕ್ಕಿದ್ದೆಲ್ಲ ಬೂಟು, ಸೆಲ್ಯೂಟು."

"ಕುಸೀಲೇ ಇಲ್ವಲ್ಲ ಅದು."

"ಗೊತ್ತು," ಎಂದ ಅಪ್ಪ. ಇನ್ನೊಂದು ಈರುಳ್ಳಿ ತೆಗೆದುಕೊಂಡ. ಮತ್ತೆ ಆ ಮಾತು ಅವರ ಮಧ್ಯೆ ಬರಲಿಲ್ಲ.

*

ಹನ್ನೊಂದೂವರೆಗೆ ಒಂದು ಕಾರು ಬಂತು. ಇಳಿದವನು ಅರವತ್ತರ ಆಸುಪಾಸಿನ ಎತ್ತರದ ಮನುಷ್ಯ. ಮಾಮೂಲಿ ಅಂಗಿ ಪ್ಯಾಂಟು ಹಾಕಿದ್ದರೂ ನಡಿಗೆ ಸಮವಸ್ತ್ರದ್ದೇ. ಬೆಂಚಿನ ಮೇಲಿದ್ದ ನಾಲ್ವರೂ ತಟ್ಟನೆ ಎದ್ದು ನಿಂತರು. ನಿಂತ ಮೇಲೆ ಯಾಕೆ ನಿಂತೆವು ಎಂದು ಹೊಳೆದಂತೆ ಒಬ್ಬೊಬ್ಬರಾಗಿ ಕೂತರು.

"ಯಾರವರು?" ಎಂದು ಅವಳು ಅಡುಗೆಯವನನ್ನು ಕೇಳಿದಳು.

"ಆಗಿನ ಲೆಫ್ಟಿನೆಂಟು. ಈಗ ಬ್ರಿಗೇಡಿಯರ್ ಆಗಿ ರಿಟೈರ್ ಆಗಿದಾರೆ. ನಿಮ್ಮಪ್ಪ ಇಳೀರಿ ಅಂದಾಗ ಬೇಡ ಅಂದಿದ್ದು ಇವರೊಬ್ಬರೇ. ಅದಕ್ಕೇ ಇವರ ಮೇಲೆ ಕಪ್ಪುಚುಕ್ಕೆ ಬೀಳಲಿಲ್ಲ."

ಬ್ರಿಗೇಡಿಯರ್ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತ. ಅತ್ತೆ ತಂದಿಟ್ಟ ಕುರ್ಚಿಯಲ್ಲಿ ಕೂರಲಿಲ್ಲ. ಅವಳ ಬಳಿ ಬಂದು ತಗ್ಗಿದ ದನಿಯಲ್ಲಿ, "ಒಂದೈದು ನಿಮಿಷ ಮಾತಾಡಬೇಕಿತ್ತು," ಎಂದ. ಬೇರೆ ಜಾಗವಿರಲಿಲ್ಲ. ಅಡುಗೆಮನೆಗೆ ಕರೆದುಕೊಂಡು ಹೋದಳು. ಬಾಗಿಲು ಹಾಕಿ ಅವನೇ ಅದಕ್ಕೆ ಬೆನ್ನು ಕೊಟ್ಟು ನಿಂತ.

"ಬಿರುಕು ಮೊದಲು ನೋಡಿದ್ದು ನಾನು," ಎಂದ.

ಅವಳಿಗೆ ಅರ್ಥವಾಗಲಿಲ್ಲ.

"ಮೇಲೆ, ಇಳಿಜಾರಿನ ನೆತ್ತಿಯಲ್ಲಿ. ಹಿಮ ಉದ್ದಕ್ಕೂ ಬಾಯಿ ಬಿಟ್ಟಿತ್ತು. ಗಸ್ತಿಗೆ ಹೋದಾಗ ನೋಡಿದೆ. ಇಳಿಯೋಣ ಸರ್ ಅಂತ ನಾನೇ ಅಂದಿದ್ದು. ನಿಮ್ಮ ತಂದೆ ತಕ್ಷಣ ಒಪ್ಪಲಿಲ್ಲ. ತಾವೇ ಹತ್ತಿ ಹೋದ್ರು, ನನ್ನನ್ನೂ ಕರ್ಕೊಂಡು. ಮಲಗಿ ಬಿರುಕಿಗೆ ಕೈ ಹಾಕಿ ನೋಡಿದ್ರು, ಭುಜದವರೆಗೂ ಹೋಯ್ತು. ಕೆಳಗೆ ಬಂದು ರೇಡಿಯೋ ಮಾಡಿದ್ರು. ಆಮೇಲಿನದ್ದು ನಿಮಗೆ ಗೊತ್ತು."

"ನೀವು ಬೇಡ ಅಂದಿದ್ರಿ ಅಂತ ಹೇಳ್ತಾರೆ."

"ಅದು ನಿಮ್ಮ ತಂದೆ ಬರೆದದ್ದು. ಇಳಿಯೋ ಹಿಂದಿನ ಸಂಜೆ ವರದಿ ಬರೆದು ನನಗೆ ತೋರಿಸಿದ್ರು. 'ಲೆಫ್ಟಿನೆಂಟ್ ವಿರೋಧಿಸಿದರು, ನಾನು ತಳ್ಳಿಹಾಕಿದೆ' ಅಂತ. ಒಬ್ಬರ ಕೆಲಸ ಹೋದ್ರೆ ಸಾಕು, ಇಬ್ಬರದ್ದು ಯಾಕೆ ಅಂದ್ರು. ಹಿಮ ಹೇಗೂ ಬೀಳುತ್ತೆ, ಬಿದ್ದ ಮೇಲೆ ಯಾರೂ ಕೇಳಲ್ಲ ಅಂದ್ಕೊಂಡಿದ್ವಿ. ಬೀಳಲಿಲ್ಲ. ತನಿಖೆಯವರು ಹತ್ತಿ ಹೋಗೋ ಹೊತ್ತಿಗೆ ಹೊಸ ಹಿಮ ಬಿದ್ದು ಬಿರುಕು ಮುಚ್ಚಿಹೋಗಿತ್ತು. ಕಂಡಿದ್ದು ನಾವಿಬ್ಬರೇ. ವಿರೋಧಿಸಿದ್ರಾ ಅಂತ ನನ್ನ ಕೇಳಿದ್ರು, ಹೌದು ಅಂದೆ. ಹೌದು ಅಂದ ಮೇಲೆ ಬಿರುಕು ನೋಡಿದೆ ಅನ್ನೋಕಾಗಲ್ಲವಲ್ಲ. ನನಗೆ ಇಪ್ಪತ್ತಮೂರು ವರ್ಷ."

ಸಿಂಕಿನಲ್ಲಿ ಲೋಟಗಳು ರಾಶಿ ಬಿದ್ದಿದ್ದವು. ಅವಳು ನಲ್ಲಿ ತಿರುಗಿಸಿ ಒಂದನ್ನು ತೊಳೆದಳು.

"ಆಮೇಲೆ ನಿಮಗೆ ಮೂವತ್ತಾಯ್ತು, ನಲವತ್ತಾಯ್ತು."

"ಅವರೇ ಹೇಳಬೇಡ ಅಂದಿದ್ರು," ಎಂದ. ತಾನೇ ತಿದ್ದಿಕೊಂಡು, "ಇಲ್ಲ. ವಿಚಾರಣೆ ಮುಗಿಯೋವರೆಗೆ ಮಾತ್ರ ಹಾಗಂದಿದ್ರು. ಆಮೇಲಿನದ್ದು ನನ್ನದೇ," ಎಂದ.

ಕೋಪ ಬರಬೇಕಿತ್ತು. ಅವಳು ಕಾದು ನೋಡಿದಳು. ಅರಿವಳಿಕೆ ಕೊಟ್ಟ ದವಡೆಯಂತೆ ಒಳಗೆಲ್ಲ ದಪ್ಪಗಾಗಿತ್ತು. ಯಾರೋ ಅಲ್ಲಿ ಒತ್ತುತ್ತಿದ್ದಾರೆ ಎಂದಷ್ಟೇ ಗೊತ್ತಾಗುತ್ತಿತ್ತು.

"ನನಗೆ ಹೇಳಿ ಏನು ಪ್ರಯೋಜನ?" ಎಂದಳು. "ಹೊರಗೆ ನಾಲ್ಕು ಜನ ಕೂತಿದಾರೆ. ಜೀವನವೆಲ್ಲ ಬೈಸಿಕೊಂಡವರು. ಅವರಿಗೆ ಹೇಳಿ."

ಅವಳು ಕೈ ಒರೆಸಿಕೊಂಡು, "ಸ್ವಲ್ಪ ದಾರಿ ಬಿಡಿ," ಎಂದಳು. ಅವನು ಬಾಗಿಲಿನಿಂದ ಸರಿದ.

*

ಸ್ಮಶಾನ ಊರಾಚೆ, ಕಲ್ಲುಕೋರೆಯ ಪಕ್ಕದಲ್ಲಿತ್ತು. ಪೆಟ್ಟಿಗೆಯನ್ನು ಆರು ಜನ ಡ್ರೈವರುಗಳು ಹೊತ್ತರು. ಹಗ್ಗ ಬಿಡುವಾಗ ಮೆಕ್ಯಾನಿಕ್, "ನಿಧಾನ, ಎಡಗಡೆ ಸ್ವಲ್ಪ ತಡೀರಿ," ಎಂದು ಹೇಳಿಕೊಡುತ್ತಿದ್ದ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಎರಡು ಮಾತು ಆಡಬೇಕು ಎಂದು ಯಾರೋ ಅಂದರು. ಡಿಪೋದ ಮ್ಯಾನೇಜರ್ ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಬ್ರಿಗೇಡಿಯರ್ ಮುಂದೆ ಬಂದ.

ಅಡುಗೆಮನೆಯಲ್ಲಿ ಹೇಳಿದ್ದನ್ನೇ ಹೇಳಿದ. ಸಮಜಾಯಿಷಿ ಸೇರಿಸಲಿಲ್ಲ, ಯಾವುದನ್ನೂ ಬಿಡಲಿಲ್ಲ. ವರದಿ ಓದುವವನ ಹಾಗೆ, ನೇರ ನಿಂತು, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ಹೇಳಿದ. ಕಲ್ಲುಕೋರೆಯ ಕಡೆಯಿಂದ ಲಾರಿಯೊಂದು ಹಿಂದಕ್ಕೆ ಬರುವ ಸದ್ದು ಕೇಳುತ್ತಿತ್ತು. ಅವನ ಮಾತು ಮುಗಿದ ಮೇಲೂ ಅದು ಕೇಳುತ್ತಲೇ ಇತ್ತು.

"ಅಂದ್ರೆ ಬಿರುಕು ಇತ್ತು," ಎಂದ ಅಡುಗೆಯವ.

"ಇತ್ತು."

"ನೀವೇ ನೋಡಿದ್ರಿ."

"ನಾನೇ ನೋಡಿದೆ."

"ಭುಜದವರೆಗೂ."

"ಹೌದು. ಭುಜದವರೆಗೂ."

ಅಡುಗೆಯವ ತಲೆಯಾಡಿಸಿದ. ಮುಷ್ಟಿಯಲ್ಲಿ ಉಳಿದಿದ್ದ ಮಣ್ಣನ್ನು ಗುಂಡಿಗೆ ಹಾಕಿ ಕೈ ಕೊಡವಿದ. ಅವನ ಜೊತೆಗಿದ್ದ ಮೂವರಲ್ಲಿ ಒಬ್ಬ ನೆಲಕ್ಕೆ ಕುಕ್ಕರಿಸಿ, ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ. ಉಳಿದಿಬ್ಬರು ಅವನ ಅಕ್ಕಪಕ್ಕ ನಿಂತರು.

ಅತ್ತೆ ಅವಳ ತೋಳು ಹಿಡಿದುಕೊಂಡಿದ್ದಳು. ಹಿಡಿತ ಬಿಗಿಯಾಗುತ್ತ ಬಂತು.

"ಹಾಗಾದ್ರೆ ಇನ್ಮೇಲೆ," ಎಂದು ಪಿಸುಗುಟ್ಟಿದಳು, "ಮಂಡಿ ಅಂತ ಹೇಳೋದು ಬೇಡ್ವೇನೇ?"

"ಬೇಡ ಅತ್ತೆ."

"ಮೂವತ್ತೇಳು ವರ್ಷ ಹೇಳಿದೀನಿ," ಎಂದಳು ಅತ್ತೆ. ಬೆಳಗ್ಗೆಯಿಂದ ಇಡೀ ಮನೆಯನ್ನು ಮಾತಿನಲ್ಲೇ ಎತ್ತಿ ಹಿಡಿದಿದ್ದವಳು ಈಗ ದನಿ ಬಿಟ್ಟು ಅಳತೊಡಗಿದಳು. ಅವಳು ಅತ್ತೆಯನ್ನು ತಬ್ಬಿ ಹಿಡಿದು ಬೆನ್ನು ಸವರಿದಳು. ತನಗೂ ಈಗ ಬರಬಹುದು ಎಂದುಕೊಂಡಳು. ಬರಲಿಲ್ಲ.

ಮೂರು ಗಂಟೆಯ ಪಾಳಿಗೆ ಡ್ರೈವರುಗಳು ವಾಪಸು ಹೋಗಬೇಕಿತ್ತು. ಕೆಲವರು ಮ್ಯಾನೇಜರನ ಜೀಪಿನಲ್ಲಿ ಹೊರಟರು. ಮಿಕ್ಕವರು ಬಸ್ಸು ಹತ್ತಿದರು. ಅವಳು ಅತ್ತೆಯನ್ನು ಕಿಟಕಿಯ ಪಕ್ಕಕ್ಕೆ ಕೂರಿಸಿ, ಡ್ರೈವರನ ಹಿಂದಿನ ಸೀಟಿನಲ್ಲಿ ಕೂತಳು. ನಾಲ್ವರು ಮುದುಕರು ನಡುವಿನ ಸಾಲುಗಳಲ್ಲಿ ಇಬ್ಬಿಬ್ಬರಾಗಿ ಕೂತರು. ಎಲ್ಲರ ಕೊನೆಗೆ ಬ್ರಿಗೇಡಿಯರ್ ಹತ್ತಿದ. ಕಾರನ್ನು ಅವನು ಆಗಲೇ ಕಳಿಸಿಬಿಟ್ಟಿದ್ದ.

ಬಸ್ಸು ಹೊರಟಿತು. ಡ್ರೈವರನ ತಲೆಯ ಮೇಲಿನ ಕನ್ನಡಿಯಲ್ಲಿ ಹಿಂದಿನದೆಲ್ಲ ಕಾಣುತ್ತಿತ್ತು. ಅರ್ಧಕ್ಕರ್ಧ ಸೀಟುಗಳು ಖಾಲಿ. ಅವುಗಳ ನಡುವೆ ಬ್ರಿಗೇಡಿಯರ್ ಮೇಲಿನ ಕಂಬಿ ಹಿಡಿದು ನಿಂತಿದ್ದ. ಒಂದೊಂದು ತಿರುವಿಗೂ ಅವನ ಮೈ ಒಂದು ಕಡೆಗೆ ತೂಗಿ ಮತ್ತೆ ನೆಟ್ಟಗಾಗುತ್ತಿತ್ತು. ಕೂತ್ಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಅವನೂ ಕೂರಲಿಲ್ಲ.