ಗುಂಡಿಯ ಸುತ್ತಲಿನ ಕೆಂಪು ಉಂಗುರ

ಅಡುಗೆಮನೆಯಲ್ಲಿ ತೆರೆದಿಟ್ಟ ಲ್ಯಾಪ್‌ಟಾಪಿನ ತೆರೆಯ ಮೇಲೆ ಉಂಗುರ ಸುತ್ತುತ್ತಲೇ ಇದೆ, ಫಲಿತಾಂಶದ ಪುಟ ಬಿಚ್ಚಿಕೊಳ್ಳಲೊಲ್ಲದು, ಹಾಳಾದ್ದು ಸುತ್ತಲಿ, ಇಪ್ಪತ್ತು ವರ್ಷ ಲಿಫ್ಟು ರಿಪೇರಿ ಮಾಡಿದವಳಿಗೆ ಕಾಯುವುದೇನು ಹೊಸದೇ — ಆದರೂ ಇದು ಎರಡನೇ ಸಲ, ಕೊನೆಯ ಸಲ, ಈಗಲೂ ಡುಮ್ಕಿ ಹೊಡೆದರೆ ಆನ್‌ಲೈನ್ ವಿಶ್ವವಿದ್ಯಾಲಯದವರು ಹೆಸರು ತೆಗೆದುಹಾಕುತ್ತಾರೆ, ಈ ವಯಸ್ಸಿನಲ್ಲಿ ನಿನಗ್ಯಾಕೇ ಬೇಕಿತ್ತು ಈ ಉಸಾಬರಿ ಎಂದು ಅಕ್ಕ ಆಗಲೇ ಅಂದಾಗಿದೆ, ಸಿಸ್ಟಮ್ಸ್ ಎಂಜಿನಿಯರಿಂಗ್ ಅಂದರೆ ಏನೆಂದು ಕೇಳಿದ್ದಳು, ಒಂದು ವಸ್ತು ಕಟ್ಟುವ ಮೊದಲು ಅದು ಯಾರಿಗೆ, ಯಾಕೆ, ಸರಿಯಾಗಿದೆ ಎಂದು ತಿಳಿಯುವುದು ಹೇಗೆ ಅಂತ ಬರೆದಿಟ್ಟುಕೊಳ್ಳುವ ವಿದ್ಯೆ ಅಂದಿದ್ದಳು ಇವಳು, ಅಷ್ಟಕ್ಕೆಲ್ಲ ಕಾಲೇಜು ಬೇಕಾ ಎಂದಿದ್ದಳು ಅಕ್ಕ — ಬೇಕಿತ್ತು ಕಣೇ, ಬೇಕಿತ್ತು, ಕೊನೆಯ ಪ್ರಾಜೆಕ್ಟಿಗೆ ಮನೆಗೆ ಬೇಕಾದದ್ದೇ ಏನಾದರೂ ಕಟ್ಟಿ ಎಂದಿದ್ದರು ಕೋರ್ಸಿನ ಮೇಷ್ಟ್ರು, ಇವಳು ಅಪ್ಪನ ಕೋಣೆಗೆ ಗಂಟೆ ಕಟ್ಟಿದಳು, ಎಡಗಾಲಿಗೆ ಬಲವಿಲ್ಲದ ಅಪ್ಪ ಹಾಸಿಗೆಯಿಂದ ಗುಂಡಿ ಒತ್ತಿದರೆ ಅಡುಗೆಮನೆಯಲ್ಲಿ ಬಾರಿಸುತ್ತದೆ, ಇಪ್ಪತ್ತಾರು ಅಗತ್ಯಗಳ ಪಟ್ಟಿ, ತಂತಿ ಎಷ್ಟು ಉದ್ದ, ಸದ್ದು ಎಷ್ಟು ಜೋರು, ಒಂದೊಂದಕ್ಕೂ ಪರೀಕ್ಷೆ, ಎಲ್ಲದಕ್ಕೂ ಸರಿ ಗುರುತು, ಎಂಥ ಜಂಬ ಆಗ — ಅಪ್ಪ ಬಿಡದೆ ಒತ್ತುವಾಗ ಬಂದೆ ಅಪ್ಪ, ಬಂದೆ, ಎಷ್ಟು ಅವಸರ ಎಂದು ಒಲೆಯ ಮುಂದಿನಿಂದಲೇ ಗದರುತ್ತಿದ್ದಳು, ಮುಚ್ಚಿದ ಬಾಗಿಲ ಆಚೆ ಅಪ್ಪನಿಗೆ ಇವಳ ದನಿ ಕೇಳಿಸುತ್ತಿರಲಿಲ್ಲ, ಆಮೇಲೆ ಅಪ್ಪ ಒತ್ತುವುದನ್ನೇ ಬಿಟ್ಟರು, ತಾವೇ ಎದ್ದರು, ಧಡ್ ಎಂದ ಸದ್ದು, ಮೊಣಕೈ ಊದಿ ಕಪ್ಪಾಗಿತ್ತು, ಇನ್ನೊಮ್ಮೆ ಬಿದ್ದರೆ ಸೊಂಟದ ಮೂಳೆ ಹೋಗುತ್ತೆ ಎಂದರು ಡಾಕ್ಟರು, ಅದೇ ವಾರ ಮೇಷ್ಟ್ರು ಫೇಲು ಮಾಡಿ ಕೆಳಗೆ ಒಂದೇ ಸಾಲು ಬರೆದರು, ಪರೀಕ್ಷೆಗಳೆಲ್ಲ ಸರಿ, ಗುಂಡಿ ಒತ್ತುವವರನ್ನು ಕೇಳಿದಿರಾ — ಎರಡು ದಿನ ಉರಿದುಕೊಂಡಳು, ಮೂರನೇ ದಿನ ಕೇಳಿದಳು, ಅಪ್ಪ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು, ಕಿಟಕಿ ನೋಡುತ್ತಲೇ ಹೇಳಿದರು, ನಾನು ಗಂಟೆ ಹೊಡೆದ್ರೆ ಬಸ್ಸು ನಿಲ್ತಿತ್ತಮ್ಮ, ಡ್ರೈವರಿಗೆ ಕೇಳಿಸ್ತು ಅಂತ ಗೊತ್ತಾಗ್ತಿತ್ತು, ಇಲ್ಲಿ ಒತ್ತಿದ್ರೆ ಏನೂ ಗೊತ್ತಾಗಲ್ಲ — ಅಯ್ಯೋ ದೇವರೇ, ದಿನಾ ಲಿಫ್ಟಿನ ಗುಂಡಿಗಳ ಸುತ್ತಲಿನ ಕೆಂಪು ದೀಪ ಬದಲಿಸುವವಳು, ಅದು ಉರಿಯದಿದ್ದರೆ ಜನ ಹತ್ತು ಸಲ ಕುಟ್ಟುತ್ತಾರೆ ಎಂದು ಬಲ್ಲವಳು, ಸ್ವಂತ ಅಪ್ಪನ ಗುಂಡಿಗೆ ದೀಪ ಇಡಲಿಲ್ಲವಲ್ಲ, ತಲೆಯಲ್ಲಿ ಇದ್ದದ್ದು ಬರೀ ಮಣ್ಣು, ಹಳೇ ಲಿಫ್ಟಿನದೇ ಒಂದು ಗುಂಡಿ ತಂದು ಅಪ್ಪನ ಹಾಸಿಗೆಯ ಪಕ್ಕ ಕೂರಿಸಿದಳು, ಇಲ್ಲಿ ಅಡುಗೆಮನೆಯ ಸ್ವಿಚ್ ಒತ್ತಿದರೆ ಅಲ್ಲಿ ಅಪ್ಪನ ಗುಂಡಿಯ ಸುತ್ತ ಕೆಂಪು ಉಂಗುರ ಬೆಳಗುತ್ತದೆ, ಕೇಳಿಸಿತು, ಬರುತ್ತಿದ್ದೇನೆ, ಅಪ್ಪನ ಮಾತನ್ನೇ ಇಪ್ಪತ್ತೇಳನೆಯ ಅಗತ್ಯ ಎಂದು ಬರೆದು ಮೇಷ್ಟ್ರಿಗೆ ಕಳಿಸಿದಳು.

ಪುಟ ಬಿಚ್ಚಿತು, ಉತ್ತೀರ್ಣ, ಅಬ್ಬಾ, ಮತ್ತೊಮ್ಮೆ ಓದಿದಳು, ಉತ್ತೀರ್ಣವೇ, ಕೆಳಗೆ ಮೇಷ್ಟ್ರ ಸಾಲು, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಅಕ್ಕನಿಗೆ ಫೋನು ಮಾಡಬೇಕು, ಬಾಯಿ ಮುಚ್ಚಿಸಬೇಕು, ನಗು ಬರುತ್ತಿದೆ, ಅಳುವೂ — ಗಂಟೆ, ಅಪ್ಪನ ಗಂಟೆ, ಸ್ವಿಚ್ ಒತ್ತಿದಳು, ಒತ್ತಿಯೂ ಓಡಿದಳು, ಕಿವಿ ಇನ್ನೂ ಆ ಧಡ್ ಸದ್ದಿಗೇ ಕಾಯುತ್ತಿದೆ, ಬಾಗಿಲು ತಳ್ಳಿದರೆ ಅಪ್ಪ ಹಾಸಿಗೆಯಲ್ಲೇ ಇದ್ದಾರೆ, ಎರಡು ಕಾಲೂ ಹೊದಿಕೆಯೊಳಗೇ, ಏನು ಬೇಕಪ್ಪಾ, ನೀರು ಬೇಕಿತ್ತಮ್ಮ, ನಿಧಾನಕ್ಕೆ ತಾ, ಕೇಳಿಸ್ತಲ್ಲ ಸಾಕು, ಅವರ ಕಣ್ಣು ಇವಳ ಮೇಲಿಲ್ಲ, ಗುಂಡಿಯ ಮೇಲಿದೆ, ಇವಳೂ ನೋಡಿದಳು, ಸುತ್ತುವುದಿಲ್ಲ ಅದು, ನಿಂತಲ್ಲೇ ಉರಿಯುತ್ತದೆ, ಕೆಂಪು ಉಂಗುರ, ಅಪ್ಪನ ಬೆರಳ ತುದಿಯ ಸುತ್ತ, ಕೆಂಪು ಉಂಗುರ