ಕೆಳಗಿನ ಓಣಿಯ ಡಬ್ಬಿ

ಶಾರದವ್ವ ಫೋನಿನಲ್ಲಿ ಮಾತಾಡುವ ಹೆಂಗಸೇ ಅಲ್ಲ. ದಿನಾ ಬೆಳಿಗ್ಗೆ ಚಹಕ್ಕೆ ನೀರಿಟ್ಟು, ತಮ್ಮ ಕಾಶಿನಾಥನಿಗೆ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದಳು. ಒಂದು ರಿಂಗ್ ಅಂದರೆ ಎದ್ದಿದ್ದೇನೆ, ನೆಟ್ಟಗಿದ್ದೇನೆ ಎಂದು. ಅದರ ಬೆನ್ನಿಗೇ ಇನ್ನೊಂದು ಬಂದರೆ, ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಬಾ ಎಂದು. ಅವಳು ಹುಬ್ಬಳ್ಳಿಯಲ್ಲಿ ಎದೆನೋವಿಗೆ ತೋರಿಸಿಕೊಂಡು ಬಂದ ಮೇಲೆ ಅಕ್ಕ ತಮ್ಮ ಮಾಡಿಕೊಂಡ ಕರಾರು ಇದು. ಒಮ್ಮೆ ಕಾಶಿನಾಥ ಮರೆತು ಫೋನು ಎತ್ತಿಬಿಟ್ಟ.

"ಯಾಕ್ ಎತ್ತಿದಿ?" ಎಂದಳು ಅಕ್ಕ.

"ಕೈ ತಾಗಿತ ಯಕ್ಕಾ. ಆರಾಮದೀ ಇಲ್ಲೋ?"

"ಮಾತಾಡೂದಿದ್ರ ಬಂದು ಮಾತಾಡ. ಇದರಾಗ ಏನ್ ಮಾತಾಡ್ತಿ, ಮಾರಿ ಕಾಣಂಗಿಲ್ಲ ಏನಿಲ್ಲ."

ಮೊದಮೊದಲು ಹೋಗುತ್ತಿದ್ದ ಅನ್ನಿ. ಕಟ್ಟೆಯ ಮೇಲೆ ಕೂತು, ಅವಳ ಬೈಗುಳ ಕೇಳಿ, ಚಹ ಕುಡಿದು ಬರುತ್ತಿದ್ದ. ಆಮೇಲೆ, ರಿಂಗ್ ಬಂತಲ್ಲ, ಇನ್ನೇನು ಬೇಕು ಎಂದು ಬಿಟ್ಟ. ಅವನ ಹಿಟ್ಟಿನ ಗಿರಣಿ ಇದ್ದದ್ದು ಮೇಲಿನ ಓಣಿಯಲ್ಲಿ, ಅವಳ ಮನೆ ಹಳ್ಳದ ಕಡೆಯ ಕೆಳಗಿನ ಓಣಿಯಲ್ಲಿ. ನಡುವೆ ಒಂದು ಬೀಡಿ ಸೇದಿ ಮುಗಿಸುವಷ್ಟು ದಾರಿ. ಅಷ್ಟೂ ದಾರಿಯನ್ನು ಆ ಒಂದು ರಿಂಗು ನುಂಗಿ ಹಾಕಿತು.

ಊರಿಗೆ ನೆಟ್‌ವರ್ಕ್ ತಂದವನೂ ಕಾಶಿನಾಥನೇ. ಅಣ್ಣಿಗೇರಿ ರಸ್ತೆಯ ದೊಡ್ಡ ಟವರಿನ ಸಿಗ್ನಲ್ಲು ಇವರ ಊರು ಮುಟ್ಟುವ ಹೊತ್ತಿಗೆ ದಣಿದು ಹೋಗುತ್ತಿತ್ತು. ಇಳಿಜಾರಿನ ಕೆಳಗಿನ ಓಣಿಗಂತೂ ಇಳಿಯುತ್ತಲೇ ಇರಲಿಲ್ಲ. ಇವನು ತಿರುಗಿ ತಿರುಗಿ ಕಂಪನಿಯವರ ತಲೆ ತಿಂದ. ಅವರು ದೊಡ್ಡ ಟವರು ಕೊಡಲಿಲ್ಲ. ರೊಟ್ಟಿ ಬುಟ್ಟಿಯಷ್ಟು ದೊಡ್ಡ ಡಬ್ಬಿಗಳನ್ನು ತಂದು ಊರ ತುಂಬ ಅಲ್ಲಲ್ಲಿ ಕಟ್ಟಿದರು. ಒಂದು ಗಿರಣಿಯ ಮಾಳಿಗೆಗೆ, ಒಂದು ಶಾಲೆಯ ಹತ್ತಿರ, ಎರಡು ಹೊಲದ ದಾರಿಗೆ, ಒಂದು ಶಾರದವ್ವನ ಬಾಗಿಲೆದುರಿನ ಕಂಬಕ್ಕೆ. ಡಬ್ಬಿಗೊಂದು ಹಸಿರು ದೀಪ. ಮಂದಿಗೆ ಸಿಗ್ನಲ್ಲು ಸಿಗದಿದ್ದರೆ ಡಬ್ಬಿಯ ಬುಡಕ್ಕೇ ಹೋಗಿ ನಿಂತು ಫೋನು ಎತ್ತಿ ಹಿಡಿಯುವ ರೂಢಿ ಬಿತ್ತು. ಒಲೆಯ ಹತ್ತಿರ ಕೂತಷ್ಟೂ ಕಾವು ಹೆಚ್ಚಲ್ಲವೇ, ಆ ಲೆಕ್ಕ.

ಡಬ್ಬಿಗಳನ್ನು ನೋಡಿಕೊಳ್ಳಲು ಅಣ್ಣಿಗೇರಿಯಿಂದ ಬೈಕಿನಲ್ಲಿ ಬರುತ್ತಿದ್ದವನು ಸಿರಾಜುದ್ದೀನ. ಬಂದಾಗಲೆಲ್ಲ ಗಿರಣಿಯಲ್ಲಿ ಅವನ ಚಹ.

"ಇವಕ್ಕ ಯಾರೂ ಹೇಳೂದು ಬ್ಯಾಡ್ರಿ ಕಾಕಾ," ಎಂದ ಒಂದು ದಿನ. "ತಮ್ಮ ತಮ್ಮೊಳಗ ಹೊಂದಿಸ್ಕೋತಾವು. ಮಂದಿ ಎಲ್ಲಿ ಹೆಚ್ಚ ಮಾತಾಡ್ತಾರ, ಒಳಗಿನ ಆಂಟೆನಾ ತನ್ನ ಜೋರು ಅತ್ತಾಗ ಹಾಕತೈತಿ, ಬ್ಯಾಟರಿ ಬೆಳಕ ಹಿಡದಂಗ. ಯಾರೂ ಇಲ್ಲದ ಕಡಿ ಡಬ್ಬಿ ಮಕ್ಕೊಂಡ ಬಿಡತೈತಿ, ಕರೆಂಟ್ ಉಳೀಲಿ ಅಂತ. ಆ ಓಣಿ ಬಾಜೂದ ಡಬ್ಬಿ ನೋಡ್ಕೋತೈತಿ."

"ನಮ್ಮ ಪಂಚಾಯ್ತಿ ಮೆಂಬರಗಿಂತ ಶಾಣ್ಯಾ ಅದಾವ ಬಿಡು," ಎಂದ ಕಾಶಿನಾಥ.

"ಆದ್ರ ಕೆಳಗಿನ ಓಣೀದು ಮ್ಯಾಲಿಂದ ಮ್ಯಾಲೆ ಮಕ್ಕೋತೈತ್ರಿ. ಅಲ್ಲಿ ಯಾರ ಕಡೀನೂ ಫೋನ್ ಇಲ್ಲೇನು?"

"ಅದಾವಲ್ಲೋ. ಎಲ್ಲಾ ಮುದುಕ ಮುದುಕೇರು. ರಿಂಗ್ ಕೊಟ್ಟು ಕಟ್ ಮಾಡ್ತಾರ."

ಸಿರಾಜ ನಗಲಿಲ್ಲ. "ಬರೇ ರಿಂಗಿಗೆ ತೂಕ ಇಲ್ರಿ. ಮಾತಾಡಿದ್ರ ತೂಕ. ನಿಮ್ಮ ಅಕ್ಕಾರಿಗೆ ಹೇಳ್ರಿ, ದಿನಾ ಒಂದೀಟ ಮಾತಾಡ್ಲಿ. ಇಲ್ಲಿ ಜೀವ ಐತಿ ಅಂತ ಡಬ್ಬಿಗೆ ಗೊತ್ತಾಗಬೇಕಲ್ಲ."

"ಹೇಳ್ತೀನಿ ತಗೋ."

ಹೇಳಲು ಫೋನು ಮಾಡಿದ. "ಬಂದು ಹೇಳ" ಎಂದು ಅಕ್ಕ ಕಟ್ ಮಾಡಿದಳು. ನಾಳೆ ಹೋದರಾಯಿತು ಎಂದುಕೊಂಡ. ಗಿರಣಿಯ ಬೆಲ್ಟು ಹರಿಯಿತು, ಕಡಲೆಗೆ ಕೀಡೆ ಬಿತ್ತು, ನಾಳೆ ಎನ್ನುವುದು ಮುಂದೆ ಮುಂದೆ ಹೋಯಿತು. ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು.

ಆ ದಿನ ಊರಲ್ಲಿ ನಾಯಿಯೂ ಉಳಿಯುವುದಿಲ್ಲ. ಮನೆಗೆ ಬೀಗ ಜಡಿದು, ಬುತ್ತಿ ಕಟ್ಟಿಕೊಂಡು, ಗಾಡಿ ಟ್ರ್ಯಾಕ್ಟರು ಏರಿ ಎಲ್ಲರೂ ಹೊಲಕ್ಕೆ. ಭೂಮಿತಾಯಿಗೆ ಪೂಜೆ ಮಾಡಿ, ಹೊಲದ ತುಂಬ ನೈವೇದ್ಯದ ಚರಗ ಚೆಲ್ಲಿ, ಆಮೇಲೆ ಕಡಬು, ಸಜ್ಜಿ ರೊಟ್ಟಿ, ಬದನೆಕಾಯಿ, ಪುಂಡಿಪಲ್ಯ ಉಂಡು, ಬಿಸಿಲು ಇಳಿದ ಮೇಲೆ ಮನೆಗೆ. ಶಾರದವ್ವ ಆ ವರ್ಷ ಬರಲಿಲ್ಲ. "ಟ್ರ್ಯಾಕ್ಟರ್ ಏರಿದ್ರ ಎದಿ ಹಿಡಿತೈತಿ. ನನ್ನ ಪಾಲಿನ ಕಡಬು ಕಳಸ್ರಿ," ಎಂದು ಕಾಶಿನಾಥನ ಹೆಂಡತಿ ನಂದಾಳಿಗೆ ಹೇಳಿದ್ದಳು. ಬೆಳಿಗ್ಗೆ ಎಂದಿನಂತೆ ಒಂದು ರಿಂಗು ಬಂದಿತ್ತು. ಒಂದೇ.

ಹೊಲದಲ್ಲಿ ಚರಗ ಚೆಲ್ಲಿ ಮುಗಿದ ಕೂಡಲೇ ನಂದಾ ಒಂದು ಡಬ್ಬಿಗೆ ಕಡಬು ತುಂಬಿದಳು.

"ಮೊದಲ ಯಕ್ಕಗ ಇದನ್ನ ಮುಟ್ಟಿಸಿ ಬರ್ರಿ. ಆಮ್ಯಾಲ ಉಣ್ಣೂಣು."

"ಬಾಜೂ ಮನ್ಯಾಗ ಸಾವಿತ್ರೆವ್ವ ಉಳದಾಳಲ್ಲ, ಏನ್ ಉಪವಾಸ ಕುಂದರಸ್ತಾಳ? ಏನರ ಇದ್ರ ಎರಡ ರಿಂಗ್ ಬರತಾವು. ಇಲ್ನೋಡ, ಕಡ್ಡಿ ಎಲ್ಲಾ ತುಂಬ್ಯಾವು."

ಅದಂತೂ ಖರೆ. ಆ ಎರೆಹೊಲದಲ್ಲಿ ಒಂದು ಕಡ್ಡಿ ಸಿಗ್ನಲ್ಲಿಗೆ ಬೇವಿನ ಗಿಡ ಏರುತ್ತಿದ್ದವರು ಇವತ್ತು ಕೂತಲ್ಲೇ ವಿಡಿಯೋ ಹಚ್ಚಿ, ಮುಂಬಯಿಯಲ್ಲಿದ್ದ ಬೀಗರಿಗೆ ರೊಟ್ಟಿ ತೋರಿಸಿ ಹೊಟ್ಟೆ ಉರಿಸುತ್ತಿದ್ದರು. ಊಟಕ್ಕೆ ಬಂದಿದ್ದ ಸಿರಾಜ ಎಲೆಯ ಮುಂದೆ ಕೂತು, "ಊರಾಗಿನ ಡಬ್ಬಿಗೋಳೆಲ್ಲಾ ಇತ್ತಾಗ ಮಾರಿ ಮಾಡ್ಯಾವ್ರಿ," ಎಂದ.

"ನಮ್ಮ ಬೆನ್ನ ಹತ್ತಿ ಚರಗ ಉಣ್ಣಾಕ ಬಂದಾವು," ಎಂದ ಕಾಶಿನಾಥ. ಮಂದಿ ನಕ್ಕರು. ಅವನು ಇನ್ನೊಂದು ಕಡಬು ಹಾಕಿಸಿಕೊಂಡ. ಫೋನು ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅದು ಸುಮ್ಮನಿದ್ದಷ್ಟೂ ಅವನಿಗೆ ಸಮಾಧಾನ.

ಕೈ ತೊಳೆಯಲು ಎದ್ದಾಗ ಬಾಜೂ ಹೊಲದ ಬದುವಿನ ಮೇಲೆ ಸಾವಿತ್ರೆವ್ವ ಕಂಡಳು.

"ನೀ ಇಲ್ಯಾಕ ಬಂದಿ?"

"ಅಳಿಯ ಗಾಡಿ ತಂದಿದ್ದ, ಬಂದ್ಯಾ. ಶಾರದವ್ವನ ಹಂತ್ಯಾಕ ನೀವು ಯಾರರ ಇರ್ತೀರಿ ಅನ್ಕೊಂಡ್ನೆಪ್ಪಾ."

ಸಿರಾಜನ ಕೈ ಎಲೆಯ ಮೇಲೆ ನಿಂತಿತು. "ಕಾಕಾ, ಓಣ್ಯಾಗ ಯಾರೂ ಇಲ್ಲೇನ್ರಿ?"

"ಅಕ್ಕ ಒಬ್ಬಾಕೀನ."

ಸಿರಾಜ ಎಡಗೈಯಿಂದ ತನ್ನ ಫೋನು ತೆಗೆದು ಏನೋ ಒತ್ತಿ ನೋಡಿದ. "ಅಲ್ಲೀದು ಮಕ್ಕೊಂಡೈತ್ರಿ. ಬಾಜೂದು ನೋಡ್ಕೋಬೇಕಾಗಿತ್ತು. ಅದೂ ಹೊಲದ ಕಡೀನ ಮಾರಿ ಮಾಡೈತಿ."

ಕಾಶಿನಾಥ ಅಕ್ಕನಿಗೆ ಫೋನು ಮಾಡಿದ. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಬ್ಬ ಹೆಂಗಸು ನಯವಾಗಿ ಹೇಳಿದಳು. ಹೊಸ್ತಿಲು ದಾಟದ ಅಕ್ಕ ವ್ಯಾಪ್ತಿಯ ಹೊರಗೆ. ಮತ್ತೆ ಮಾಡಿದ. ಅದೇ ಹೆಂಗಸು, ಅದೇ ನಯ.

ಸಿರಾಜನ ಬೈಕು ಕೆಳಗಿನ ಓಣಿಗೆ ಇಳಿದಾಗ ಎಲ್ಲ ಬಾಗಿಲಿಗೂ ಬೀಗ. ಶಾರದವ್ವನ ಬಾಗಿಲೊಂದೇ ತೆರೆದಿತ್ತು. ಅವಳು ಒಳಗಿರಲಿಲ್ಲ. ಎದುರಿನ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಿದ್ದಳು. ಸೆರಗಿಗೆಲ್ಲ ಮಣ್ಣು ಹತ್ತಿತ್ತು. ಅಂಗಳದಲ್ಲಿ ತೆವಳಿದ ಗುರುತಿತ್ತು. ಕೈಯಲ್ಲಿ ಫೋನು, ಮುಖ ಮೇಲಕ್ಕೆ, ಡಬ್ಬಿಯ ಕಡೆಗೆ. ದೀಪ ಆರಿತ್ತು. ಕಾಶಿನಾಥ ಕೈ ಹಿಡಿದು ನೋಡಿದ. ತಣ್ಣಗಾಗಿ ಬಹಳ ಹೊತ್ತಾಗಿತ್ತು.

"ಕಂಬ ಬಿಟ್ಟು ಮಾಳಿಗಿ ಏರಿದ್ರ, ಹೊಲದ ಕಡೀದು ಒಂದ ಕಡ್ಡಿಯರ ಸಿಗತಿತ್ತು..." ಎಂದ ಸಿರಾಜ. ಏರುವ ಎದೆ ಇದ್ದಿದ್ದರೆ ಅವಳು ಹೊಲಕ್ಕೇ ಬರುತ್ತಿದ್ದಳು.

ಸಂಜೆಗೆ ಹೊಲದಿಂದ ಊರಿಗೆ ಊರೇ ಆ ಓಣಿಗೆ ಇಳಿಯಿತು. ಅವರ ಪದ್ಧತಿಯಂತೆ ಶಾರದವ್ವನನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದರು. ಹೊರಗೆ ಒಬ್ಬೊಬ್ಬರೂ ಫೋನು ತೆಗೆದರು. ಗುಡಗೇರಿಯವರಿಗೆ ತಿಳಿಸಿದಿರಾ, ಅಳ್ನಾವರದ ಸೋದರಮಾವನಿಗೆ ಹೇಳಿದಿರಾ ಎಂದು ಗದ್ದಲ. ಮೊದಲು ಯಾರಿಗೂ ಲೈನು ಹತ್ತಲಿಲ್ಲ. ಆಮೇಲೆ ಕಂಬದ ಮೇಲೆ ಹಸಿರು ದೀಪ ಮಿಣುಕಿತು, ನಿಂತು ಉರಿಯಿತು. ಎಲ್ಲರ ಫೋನಿನಲ್ಲೂ ಕಡ್ಡಿ ತುಂಬಿದವು.

ಕಾಶಿನಾಥ ಬಾಗಿಲಲ್ಲಿ ನಿಂತು ಅದನ್ನೇ ನೋಡಿದ. "ಅದನ್ನ ಆರಸೋ," ಎಂದ.

"ನನ್ನ ಕಡಿಂದ ಆಗಂಗಿಲ್ರಿ ಕಾಕಾ," ಎಂದ ಸಿರಾಜ. "ಮಂದಿ ಇರೂತನಕ ಹತ್ತಿರತೈತಿ. ಮಂದಿ ಹ್ವಾದಮ್ಯಾಲ ತಾನ ಆರತೈತಿ."

ನಂದಾ ಹೊಲದಲ್ಲಿ ತುಂಬಿದ ಕಡಬಿನ ಡಬ್ಬಿಯನ್ನು ಇನ್ನೂ ಕೈಯಲ್ಲೇ ಹಿಡಿದು ಮೂಲೆಯಲ್ಲಿ ಕೂತಿದ್ದಳು. ಗಂಡನ ಮುಖವನ್ನು ನೋಡಲಿಲ್ಲ. ಕಾಶಿನಾಥ ಒಳಗೆ ಹೋಗಿ ಅಕ್ಕನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ. ಹೊರಗೆ ರಿಂಗಿನ ಮೇಲೆ ರಿಂಗು, ಎತ್ತಿದವರದು ಜೋರು ಜೋರು ಮಾತು. ಅದರಲ್ಲಿ ಅವನ ದನಿ ಪಕ್ಕದವರಿಗೂ ಸರಿಯಾಗಿ ಕೇಳಲಿಲ್ಲ.

"ಯಕ್ಕಾ, ಬಂದೀನಿ. ಸಿರಾಜ ಹೇಳಂದಿದ್ದ... ದಿನಾ ಒಂದೀಟ ಮಾತಾಡಬೇಕಂತ."