ಮಾಸ್ಟರ್ ಮುರಿದ ಬಾಗಿಲು

ದರ್ಜಿ ಮಾಸ್ಟರ್ ಒಮ್ಮೆ ಗಟ್ಟಿಯಾಗಿ ಕೆಮ್ಮಿದರೆ ಸಾಕು, ಮೂರು ಬೀದಿ ಆಚೆಗಿನ ಬೀಗಗಳು ತಾವಾಗಿಯೇ ಕಳಚಿ ಬೀಳುತ್ತಿದ್ದವು. ಅವರ ಕತ್ತರಿಯ ಸದ್ದಿಗೆ ಪೊಲೀಸರು ಟೋಪಿ ಸರಿಮಾಡಿಕೊಳ್ಳುತ್ತಿದ್ದರು. ಇದಕ್ಕೆಲ್ಲ ಸಾಕ್ಷಿ ಬೇಕೆಂದರೆ ಒಬ್ಬರಿದ್ದರು: ಸ್ವತಃ ಮಾಸ್ಟರ್.

ಆ ಮಧ್ಯಾಹ್ನ ಎದುರಿನ ಬೇಕರಿಯಾಕೆ ಏಪ್ರನ್ನಿನ ಹರಿದ ಜೇಬು ಹೊಲಿಸಲು ಬಂದಿದ್ದಳು. ಮಾಸ್ಟರ ಹೆಂಡತಿ ಮೂಲೆಯಲ್ಲಿ ಕೂತು ಅಂಗಿಯ ಗುಂಡಿ ತೂತುಗಳಿಗೆ ಕಾಜಾ ಹಾಕುತ್ತಿದ್ದಳು. ಬಾಗಿಲ ಬಳಿಯ ಸ್ಟೂಲಿನ ಮೇಲೆ ಗುಂಡಿಯಣ್ಣ ಅಂಗಿಯ ಗುಂಡಿಗಳನ್ನು ಬಣ್ಣ ನೋಡಿ ಡಬ್ಬಿಗಳಿಗೆ ಹಾಕುತ್ತಿದ್ದ. ನಲವತ್ತರ ಹತ್ತಿರದ ಆಳು, ಮನಸ್ಸು ಮಾತ್ರ ಪುಟ್ಟ ಮಗುವಿನದು. ಇವನ ಕಥೆ ಹೇಳದೆ ಮಾಸ್ಟರ್ ಯಾರ ಬಟ್ಟೆಯನ್ನೂ ವಾಪಸು ಕೊಡುತ್ತಿರಲಿಲ್ಲ.

"ಇವನ ಅತ್ತಿಗೆ ಇವನ ಪ್ಯಾಂಟು ತಂದು, ಸಡಿಲ ಆಗಿದೆ, ಸೊಂಟ ಹಿಡಿದು ಕೊಡಿ ಅಂದ್ರು. ಹಿಡಿದೆ. ಸ್ವಲ್ಪ ದಿನಕ್ಕೆ ಅದೇ ಪ್ಯಾಂಟು, ಇನ್ನೂ ಹಿಡೀಬೇಕಂತೆ. ಮತ್ತೆ ತಂದಾಗ ಹಿಂದಿನ ಜೇಬು ಎರಡೂ ಒಂದಕ್ಕೊಂದು ಮುತ್ತು ಕೊಡ್ತಿದ್ವು ತಂಗಿ! ಆಳನ್ನೇ ಕರ್ಕೊಂಡು ಬನ್ನಿ, ಅಳತೆ ತಗೋತೀನಿ ಅಂದೆ. ಮಲಗಿದಾನೆ ಅಂದ್ರು. ಯಾವಾಗ ಕೇಳಿದ್ರೂ ಮಲಗಿದಾನೆ."

"ಅಯ್ಯೋ! ಆಮೇಲೆ?"

"ಆಮೇಲೇನು! ಒಂದು ಕೈಲಿ ಇಸ್ತ್ರಿ ಪೆಟ್ಟಿಗೆ, ಇನ್ನೊಂದರಲ್ಲಿ ಕತ್ತರಿ. ಒಂದೇ ಒದೆಗೆ ಬಾಗಿಲು ಎರಡು ಹೋಳು. ಇವನಣ್ಣ ಅಡ್ಡ ಬಂದ, ಎತ್ತಿ ಬೀರು ಮೇಲೆ ಕೂರಿಸಿದೆ. ಇವನನ್ನ ಹೆಗಲಿಗೆ ಹಾಕ್ಕೊಂಡು ಓಡಿದೆ ನೋಡು, ಬಸ್ಸುಗಳೆಲ್ಲ ಹಿಂದೆ ಬಿದ್ವು!"

"ಹೋದ ವಾರದ ಕಥೇಲಿ ಬರೀ ಚಿಲಕ ಮುರಿದಿತ್ತು," ಎಂದಳು ಹೆಂಡತಿ ದಾರ ಪೋಣಿಸುತ್ತ.

ಬೇಕರಿಯಾಕೆ ನಗಲಿಲ್ಲ. "ಅದಕ್ಕೇ ನಾನು ಸುಮ್ನಿರೋದು ಮಾಸ್ಟ್ರೇ. ನಮ್ಮ ಮೇಲಿನ ಮನೇಲಿ ಒಬ್ಬ ಅಜ್ಜಿ ಇದಾರೆ, ಮಂಚ ಬಿಟ್ಟು ಏಳಕ್ಕಾಗಲ್ಲ. ಜೊತೆಗಿರೋ ಅವರ ತಮ್ಮನ ಮಗ ಬೆಳಿಗ್ಗೆ ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತಾನೆ. ನೀರು, ನೀರು ಅನ್ನೋದು ಕೆಳಗೆ ಕೇಳ್ಸುತ್ತೆ. ಅವನನ್ನ ಕೇಳಿದ್ರೆ, ಅತ್ತೆಗೆ ಭ್ರಮೆ ಅಂತಾನೆ. ಇದ್ರೂ ಇರಬಹುದು. ಬಾಗಿಲು ಒಡೆಯೋದೆಲ್ಲ ನಿಮ್ಮಂಥೋರಿಗೆ. ನನ್ನ ಕೈಲಾಗುತ್ತಾ?"

ಹೊಲಿದ ಏಪ್ರನ್ ಮಡಿಸಿಕೊಂಡು ಎದ್ದಳು.

ಗುಂಡಿಯಣ್ಣ ತಲೆಯೆತ್ತದೆ ಹೇಳಿದ: "ಮಾಸ್ಟ್ರು ಬರ್ಲೇ ಇಲ್ಲ. ಕೊರಳಿಗೆ ಕಾರ್ಡ್ ಹಾಕ್ಕೊಂಡಿದ್ದ ಇಬ್ಬರು ಅಕ್ಕಂದಿರು ಬಂದ್ರು. ಬೆಲ್ ಒತ್ತಿದ್ರು. ಅತ್ತಿಗೆ ಬಾಗಿಲು ತೆಗೆದ್ರು."

ಬೇರೆ ದಿನವಾಗಿದ್ದರೆ ಮಾಸ್ಟರ್ ಇದಕ್ಕೂ ತಮ್ಮ ಕಥೆಯೊಳಗಿಂದ ಒಂದು ಆನೆಯನ್ನು ತಂದು ಅಡ್ಡ ನಿಲ್ಲಿಸುತ್ತಿದ್ದರು. ಆದರೆ ಬೇಕರಿಯಾಕೆಯ ಒಂದು ಕಾಲು ಆಗಲೇ ಹೊಸ್ತಿಲ ಆಚೆಗಿತ್ತು. ತಾವು ಇಷ್ಟು ದಿನ ಬಾಯಲ್ಲೇ ಒಡೆದ ಬಾಗಿಲು ಅವಳಿಗೆ ಅಡ್ಡವಾಗಿ ನಿಂತಿದೆ ಎಂದು ಅವರಿಗೆ ಹೊಳೆಯಿತು.

"ನಿಲ್ಲು ತಂಗಿ. ಅವನು ಹೇಳಿದ್ದೇ ನಿಜ. ನಾನು ಏನೂ ಒಡೀಲಿಲ್ಲ. ಅವರ ಮನೆ ವಿಷಯ ನಮಗ್ಯಾಕೆ ಅಂತ ಎರಡು ಸಲ ಸುಮ್ಮನೆ ಹೊಲಿದು ಕೊಟ್ಟೆ. ಮೂರನೇ ಸಲ ಈ ಮೇಜಿನ ಹಿಂದೆ ಬಚ್ಚಿಟ್ಟುಕೊಂಡು, ಮನೇಲಿ ನರಳೋರಿಗೆ ಅಂತ ಇರೋ ಸಹಾಯವಾಣಿಗೆ ಫೋನ್ ಮಾಡ್ದೆ. ನಂಬರ್ ಒತ್ತಿದ್ದೂ ನಾನಲ್ಲ, ನನ್ನ ಹೆಂಡ್ತಿ. ನನಗೆ ಖಾತ್ರಿ ಇಲ್ಲಮ್ಮ, ಪ್ಯಾಂಟು ಮಾತ್ರ ನೋಡಿದೀನಿ ಅಂದೆ. ಅನುಮಾನ ಇದ್ರೆ ಸಾಕು, ಹೋಗಿ ನೋಡೋದು ನಮ್ಮ ಕೆಲಸ ಅಂದ್ರು. ಆ ಅತ್ತಿಗೆನೂ ಇವನ ಸೇವೆ ಒಬ್ಬಳೇ ಮಾಡಿ ಮಾಡಿ ಸಾಕಾಗಿ ಹೋಗಿದ್ಲಂತೆ. ಈಗ ಅವರ ಮನೆಗೆ ಸಹಾಯಕ್ಕೆ ಜನ ಬರ್ತಾರೆ. ಇವನು ಮೈ ತುಂಬ್ಕೊಂಡಿದಾನೆ, ಪ್ಯಾಂಟಿನ ಸೊಂಟ ಬಿಚ್ಚಿ ಬಿಚ್ಚಿ ಒಳಗೆ ಬಟ್ಟೆನೇ ಉಳಿದಿಲ್ಲ. ಫೋನಲ್ಲಿ ನಾನು ನನ್ನ ಹೆಸರೂ ಹೇಳ್ಲಿಲ್ಲ."

"ಹೆಸರು ಹೇಳ್ಲಿಲ್ವಾ? ನೀವಾ?"

"ಜೀವಮಾನದಲ್ಲಿ ಅದೊಂದೇ ಸಲ," ಎಂದ ಹೆಂಡತಿ ತನ್ನ ಫೋನನ್ನು ಅವಳ ಕೈಗಿಟ್ಟಳು. "ನಂಬರ್ ಇದರಲ್ಲೇ ಇದೆ. ಕೂತ್ಕೊ."

ಬೇಕರಿಯಾಕೆ ಮೇಜಿನ ಹಿಂದೆ ಕೂತು ನಂಬರ್ ಒತ್ತಿದಳು. "ನನಗೆ ಖಾತ್ರಿ ಇಲ್ಲ..." ಎಂದು ಶುರುಮಾಡಿದಳು. ಸದ್ದಾಗದಿರಲೆಂದು ಮಾಸ್ಟರ್ ಹೊಲಿಗೆ ಯಂತ್ರದಿಂದ ಕಾಲು ತೆಗೆದರು.

ಗುಂಡಿಯಣ್ಣ ಪಿಸುಗುಟ್ಟಿದ: "ಬಸ್ಸು ಹಿಂದೆ ಬಿದ್ದಿದ್ದು?"

"ಸುಳ್ಳು ಕಣೋ."

"ಕೆಮ್ಮಿದ್ರೆ ಬೀಗ ಬೀಳೋದು?"

"ಅದೂ ಸುಳ್ಳೇ. ಸುಮ್ನಿರು, ಅವಳು ಮಾತಾಡ್ಲಿ."